ಉರಿದರೆ ಕೆಲಸ ಮಾಡಿತು ಅಂತಲ್ಲ: ಟೋನರ್ ಬಗ್ಗೆ ಒಂದಷ್ಟು ಮಾತು

ಮುಖ ತೊಳೆದ ಮೇಲೆ ಹಚ್ಚುವ ನೀರು, ಅಂದರೆ ಟೋನರ್ ಬಗ್ಗೆ ಒಂದು ಸಭೆಯಲ್ಲಿ ನಾನು ಆಡಿದ ಮಾತುಗಳಿವು. ಮೊದಲಿಗೆ ನನ್ನದೇ ಒಂದು ಪೆದ್ದುತನ ಹೇಳಿಬಿಡುತ್ತೇನೆ. ನನಗೆ 17 ವರ್ಷವಿದ್ದಾಗ ಮುಖದ ತುಂಬ ಮೊಡವೆ. ಮನೆಗೆ ಬಂದ ನೆಂಟರೊಬ್ಬರು ನೀಲಿ ನೀರಿನ ಬಾಟಲಿ ಕೊಟ್ಟು, ‘ಇದು ಟೋನರ್, ದಿನಾ ಹಚ್ಚು, ಎಲ್ಲ ಹೋಗುತ್ತೆ’ ಅಂದರು. ಹತ್ತಿಯಲ್ಲಿ ಅದ್ದಿ ಒರೆಸಿದೆ. ಕಣ್ಣಲ್ಲಿ ನೀರು ಬರುವಷ್ಟು ಉರಿ. ಹತ್ತಿ ನೋಡಿದರೆ ಬೂದು ಬಣ್ಣಕ್ಕೆ ತಿರುಗಿದೆ. ಅಬ್ಬಾ, ಎಷ್ಟೊಂದು ಕೊಳೆ ಬಂತು ಅಂತ ಖುಷಿಯೋ ಖುಷಿ. ಮಾರನೇ ದಿನದಿಂದ ಮೂರು ಹೊತ್ತೂ ಒರೆಸಿದೆ. ಎರಡು ವಾರ ಕಳೆಯುವ ಹೊತ್ತಿಗೆ ಮೂಗಿನ ಅಕ್ಕಪಕ್ಕ ಸಿಪ್ಪೆ ಏಳುತ್ತಿತ್ತು. ನಕ್ಕರೆ ಕೆನ್ನೆ ಎಳೆದಂತಾಗುತ್ತಿತ್ತು. ಮೊಡವೆ ಮಾತ್ರ ಇದ್ದಲ್ಲೇ ಇತ್ತು. ಆದರೂ ಬಾಟಲಿ ಬಿಡಲಿಲ್ಲ. ಉರೀತಿದೆ ಅಂದಮೇಲೆ ಕೆಲಸ ಮಾಡ್ತಿದೆ ಅಂತಲೇ ನನ್ನ ಲೆಕ್ಕ.

ಮುಂದೆ ಕೆಮಿಸ್ಟ್ರಿ ಓದಿ, ಮುಖಕ್ಕೆ ಹಚ್ಚುವ ಕ್ರೀಮು ಲೋಷನ್ನು ತಯಾರಿಸುವ ಲ್ಯಾಬಿಗೆ ಕೆಲಸಕ್ಕೆ ಸೇರಿದೆ. ಅಂಥ ನೀಲಿ ನೀರಿನಲ್ಲಿ ಏನಿರುತ್ತದೆ ಅಂತ ಅಲ್ಲಿ ಗೊತ್ತಾಯಿತು. ಸ್ಪಿರಿಟ್, ನೀರು, ಚೂರು ಮೆಂಥಾಲ್, ಬಣ್ಣ, ಪರಿಮಳ. ಅಷ್ಟೇ. ಬೂದು ಹತ್ತಿಯ ಗುಟ್ಟೂ ತಿಳಿಯಿತು. ಸ್ಪಿರಿಟ್ ಹಾಕಿ ಉಜ್ಜಿದರೆ ಯಾರ ಮುಖದಿಂದಲಾದರೂ ಸ್ವಲ್ಪ ಜಿಡ್ಡು, ಸ್ವಲ್ಪ ಸತ್ತ ಜೀವಕೋಶ ಬಂದೇ ಬರುತ್ತದೆ. ಹತ್ತು ನಿಮಿಷದ ಹಿಂದೆ ತೊಳೆದ ಮುಖವಾದರೂ ಅಷ್ಟೇ. ನಾನು ಕೊಳೆ ಅಂದುಕೊಂಡಿದ್ದು ಚರ್ಮ ತನ್ನ ಕಾವಲಿಗೆ ಇಟ್ಟುಕೊಂಡಿದ್ದ ಸರಕು.

ಆ ಕಾವಲು ಎಷ್ಟು ತೆಳು ಗೊತ್ತಾ? ಚರ್ಮದ ತೀರಾ ಮೇಲಿನ ಪದರ ಒಂದು ಮಿಲಿಮೀಟರಿನ ನೂರನೇ ಒಂದು ಭಾಗದಿಂದ ಐವತ್ತನೇ ಒಂದು ಭಾಗದಷ್ಟು ದಪ್ಪ. ನಿಮ್ಮ ಕೈಯಲ್ಲಿರುವ ಕಾಗದದ ಹಾಳೆ ಅದಕ್ಕಿಂತ ಎಷ್ಟೋ ಪಟ್ಟು ದಪ್ಪ. ಸತ್ತ ಜೀವಕೋಶಗಳು ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಸಂದು ಮುಚ್ಚಲು ಸೆರಮೈಡ್, ಕೊಲೆಸ್ಟ್ರಾಲ್, ಕೊಬ್ಬಿನ ಆಮ್ಲ ಅನ್ನುವ ಜಿಡ್ಡಿನ ವಸ್ತುಗಳು ಇರುತ್ತವೆ. ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನ ಕಸ ಒಳಗೆ ಬರದ ಹಾಗೆ ತಡೆಯುವುದು ಇದೇ. ಸ್ಪಿರಿಟ್‌ಗೆ ಮುಖದ ಜಿಡ್ಡು ಯಾವುದು, ಈ ಸಂದಿನ ಸರಕು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡನ್ನೂ ಎತ್ತುತ್ತದೆ.

ಹಾಗಾದರೆ ಟೋನರ್ ಅನ್ನುವುದು ಯಾಕೆ ಹುಟ್ಟಿತು? ಇದಕ್ಕೆ ಉತ್ತರ ಸೋಪಿನಲ್ಲಿದೆ. ಚರ್ಮದ ಮೇಲ್ಮೈ ಸ್ವಲ್ಪ ಹುಳಿ. ಹುಳಿಯನ್ನು ಅಳೆಯುವ ಅಂಕಿಗೆ ಪಿಎಚ್ ಅನ್ನುತ್ತಾರೆ, ಅದು ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಚರ್ಮದ ಪಿಎಚ್ ಸುಮಾರು 4.5 ರಿಂದ 5.5. 1928ರಲ್ಲಿ ಶಾಡೆ ಮತ್ತು ಮಾರ್ಕಿಯೋನಿನಿ ಅನ್ನುವ ಇಬ್ಬರು ಜರ್ಮನ್ ವೈದ್ಯರು ಇದಕ್ಕೆ ‘ಆಮ್ಲದ ಹೊದಿಕೆ’ ಅನ್ನುವ ಅರ್ಥದ ಹೆಸರಿಟ್ಟರು. ಮಾಮೂಲಿ ಸೋಪಿನ ಪಿಎಚ್ 9 ರಿಂದ 10. ಪಿಎಚ್ ಲೆಕ್ಕದಲ್ಲಿ ಒಂದು ಅಂಕಿ ಏರಿದರೆ ಹತ್ತು ಪಟ್ಟು ವ್ಯತ್ಯಾಸ. 5 ರಿಂದ 9ಕ್ಕೆ ಹೋದರೆ ಹತ್ತು ಸಾವಿರ ಪಟ್ಟು. ಜೊತೆಗೆ ನೀರು ಗಡಸಾಗಿದ್ದರೆ ಸೋಪು ಪೂರ್ತಿ ಬಿಡುವುದಿಲ್ಲ. ಬಕೆಟ್ಟಿನ ಅಂಚಿಗೆ ಬಿಳಿ ಕೆನೆ ಅಂಟುತ್ತದಲ್ಲ, ಅದೇ ಮುಖದ ಮೇಲೂ ಉಳಿಯುತ್ತದೆ. ಮೇಕಪ್ ತೆಗೆಯಲು ಕೋಲ್ಡ್ ಕ್ರೀಮ್ ಹಚ್ಚಿ ಒರೆಸುವವರಿಗೆ ಇನ್ನೊಂದು ಬಗೆಯ ಅಂಟು. ಇವನ್ನೆಲ್ಲ ತೆಗೆದು ಮುಖವನ್ನು ಮತ್ತೆ ಹುಳಿ ಕಡೆಗೆ ತರಲು ಒಂದು ನೀರು ಬೇಕಿತ್ತು. ಅದೇ ಟೋನರ್. 1968ರಲ್ಲಿ ಕ್ಲಿನಿಕ್ (Clinique) ಅನ್ನುವ ಸೌಂದರ್ಯವರ್ಧಕ ಕಂಪನಿ ಸೋಪು, ಒರೆಸುವ ಲೋಷನ್, ಮಾಯಿಶ್ಚರೈಸರ್ ಅಂತ ಮೂರು ಹೆಜ್ಜೆಯ ಕ್ರಮವನ್ನು ಮಾರುಕಟ್ಟೆಗೆ ತಂದಾಗ ಅದರಲ್ಲೂ ಈ ಒರೆಸುವ ನೀರಿಗೆ ನಡುವಿನ ಜಾಗ ಸಿಕ್ಕಿತು.

ಅಂದರೆ ಟೋನರ್ ಹುಟ್ಟಿದ್ದು ಸೋಪು ಮಾಡಿದ ಹಾಳನ್ನು ಸರಿಮಾಡಲು. ಈಗಿನ ಒಳ್ಳೆಯ ಫೇಸ್‌ವಾಶ್‌ಗಳಲ್ಲಿ ಸೋಪೇ ಇಲ್ಲ. ಅವುಗಳ ಪಿಎಚ್ ಚರ್ಮಕ್ಕೆ ಹತ್ತಿರ. ಇನ್ನು ಪಿಎಚ್ ಏರುಪೇರಾದರೂ ಆರೋಗ್ಯವಾಗಿರುವ ಚರ್ಮ ಕೆಲವು ಗಂಟೆಗಳಲ್ಲಿ ತಾನೇ ಸರಿಮಾಡಿಕೊಳ್ಳುತ್ತದೆ. ಹಾಗಾಗಿ ನನ್ನ ಖಂಡಿತ ಅಭಿಪ್ರಾಯ ಕೇಳಿದರೆ, ಮುಖ ತೊಳೆದ ಮೇಲೆ ಚುರುಚುರು ಎಳೆಯುತ್ತಿದ್ದರೆ ಟೋನರ್ ಕೊಳ್ಳಬೇಡಿ, ಫೇಸ್‌ವಾಶ್ ಬದಲಿಸಿ. ದಿನಾ ಬೇಕಾದದ್ದು ಮೂರೇ. ಸೌಮ್ಯವಾದ ಫೇಸ್‌ವಾಶ್, ಮಾಯಿಶ್ಚರೈಸರ್, ಹಗಲಿಗೆ ಸನ್‌ಸ್ಕ್ರೀನ್. ಟೋನರ್‌ಗೆ ನಾಲ್ಕನೇ ಕುರ್ಚಿ. ಅದನ್ನು ಖಾಲಿ ಬಿಟ್ಟರೂ ನಡೆಯುತ್ತದೆ.

ಆದರೂ ಇಷ್ಟು ಹೊತ್ತು ಮಾತಾಡಲು ಬಂದಿದ್ದೇನೆ ಅಂದರೆ ಆ ಕುರ್ಚಿಯಲ್ಲಿ ಕೂರಿಸುವಂಥವೂ ಇವೆ. ಈಗ ಟೋನರ್ ಅನ್ನುವ ಒಂದೇ ಹೆಸರಿನಲ್ಲಿ ಪರಸ್ಪರ ಸಂಬಂಧವೇ ಇಲ್ಲದ ನೀರುಗಳು ಸಿಗುತ್ತವೆ. ಒಂದು, ನನ್ನ ನೀಲಿ ಬಾಟಲಿಯ ಬಳಗ. ಒಣಗಿಸುವ ನೀರು, ಆಸ್ಟ್ರಿಂಜೆಂಟ್ ಅಂತಲೂ ಬರೆದಿರುತ್ತಾರೆ. ಇನ್ನೊಂದು, ಗ್ಲಿಸರಿನ್, ಪ್ಯಾಂಥೆನಾಲ್, ಹೈಯಲುರಾನಿಕ್ ಆಮ್ಲ ಹಾಕಿದ, ಚರ್ಮಕ್ಕೆ ತೇವ ಕೊಡುವ ನೀರು. ಮತ್ತೊಂದು, ಆಮ್ಲ ಹಾಕಿ ಸತ್ತ ಪದರವನ್ನು ಸಡಿಲ ಮಾಡುವ ನೀರು. ಹೆಸರು ನೋಡಿ ಕೊಂಡರೆ ಕೆಟ್ಟಿರಿ. ಒಣಚರ್ಮದವರು ಮೊದಲನೆಯದನ್ನು ತಂದು, ‘ಟೋನರ್ ನನಗೆ ಆಗಲ್ಲ’ ಅಂತ ಮೂಲೆಗಿಟ್ಟಿರುತ್ತಾರೆ. ಅವರಿಗೆ ಬೇಕಿದ್ದದ್ದು ಎರಡನೆಯದು.

ಇಲ್ಲಿ ರಂಧ್ರಗಳ ವಿಷಯ ಮುಗಿಸಿಬಿಡೋಣ, ಇಲ್ಲದಿದ್ದರೆ ಕೊನೆಗೆ ಎಲ್ಲರೂ ಅದನ್ನೇ ಕೇಳುತ್ತೀರಿ. ಟೋನರ್ ಹಚ್ಚಿದರೆ ಮುಖದ ರಂಧ್ರ ಮುಚ್ಚುತ್ತದೆ ಅಂತ ನಂಬಿರುವವರು ಕೈ ಎತ್ತಿ ಅಂದೆ, ಅರ್ಧಕ್ಕಿಂತ ಜಾಸ್ತಿ ಕೈಗಳು ಮೇಲೆದ್ದವು. ರಂಧ್ರಕ್ಕೆ ಬಾಗಿಲಿಲ್ಲ. ತೆರೆದು ಮುಚ್ಚಲು ಅದರ ಬಾಯಲ್ಲಿ ಸ್ನಾಯುವೂ ಇಲ್ಲ. ಬಿಸಿನೀರಿಗೆ ತೆರೆಯುವುದಿಲ್ಲ, ತಣ್ಣೀರಿಗೆ ಮುಚ್ಚುವುದಿಲ್ಲ. ಸ್ಪಿರಿಟ್ ಆರುವಾಗ ಚರ್ಮ ಬಿಗಿದ ಹಾಗೆ ಅನಿಸುತ್ತದೆ, ಒಂದಷ್ಟು ಹೊತ್ತಿನ ಮೇಲೆ ಮತ್ತೆ ಮೊದಲಿನ ಹಾಗೇ. ರಂಧ್ರದೊಳಗೆ ಜಿಡ್ಡು, ಸತ್ತ ಕೋಶ ತುಂಬಿ ಹಿಗ್ಗಿದ್ದರೆ, ಅದನ್ನು ಖಾಲಿ ಮಾಡಿದಾಗ ಚಿಕ್ಕದಾಗಿ ಕಾಣುತ್ತದೆ. ಅಷ್ಟು ಮಾತ್ರ ನಮ್ಮ ಕೈಯಲ್ಲಿರುವುದು.

ಮೆಂಥಾಲ್‌ನ ತಂಪಿನದೂ ಇದೇ ಥರದ ಕಥೆ. 2021ರಲ್ಲಿ ಡೇವಿಡ್ ಜೂಲಿಯಸ್ ಮತ್ತು ಆರ್ಡೆಮ್ ಪಟಪೂಟಿಯನ್ ಅವರಿಗೆ ನೊಬೆಲ್ ಬಂತು, ಬಿಸಿ, ತಂಪು, ಸ್ಪರ್ಶ ನಮಗೆ ಹೇಗೆ ಗೊತ್ತಾಗುತ್ತದೆ ಅನ್ನುವುದನ್ನು ಬಿಡಿಸಿದ್ದಕ್ಕೆ. ನರಗಳಲ್ಲಿ ತಂಪನ್ನು ಗುರುತಿಸುವ ಒಂದು ಪ್ರೋಟೀನನ್ನು ಇಬ್ಬರೂ ಬೇರೆ ಬೇರೆಯಾಗಿ ಕಂಡುಹಿಡಿದರು. ಹುಡುಕಲು ಇಬ್ಬರೂ ಬಳಸಿದ್ದು ಮೆಂಥಾಲನ್ನೇ. ಯಾಕೆಂದರೆ ಮೆಂಥಾಲ್ ಆ ಪ್ರೋಟೀನಿಗೆ ಅಂಟಿಕೊಂಡು, ‘ತಂಪಾಗಿದೆ’ ಅಂತ ಮೆದುಳಿಗೆ ಸುಳ್ಳುಸುದ್ದಿ ಕಳಿಸುತ್ತದೆ. ಒಮ್ಮೆ ನನ್ನ ತಂಗಿಗೆ ಎರಡು ಬಾಟಲಿ ಕೊಟ್ಟಿದ್ದೆ. ಎರಡರಲ್ಲೂ ಒಂದೇ ನೀರು, ಒಂದರಲ್ಲಿ ಮಾತ್ರ ಸ್ವಲ್ಪ ಮೆಂಥಾಲ್. ವಾರದ ಮೇಲೆ ಕೇಳಿದರೆ, ‘ಅಕ್ಕಾ, ಇದು ಸೂಪರ್, ಇನ್ನೊಂದು ಬರೀ ನೀರು’ ಅಂದಳು. ನಿಜ ಹೇಳಿದ ಮೇಲೂ ಅವಳಿಗೆ ಮೆಂಥಾಲಿನದೇ ಬೇಕಿತ್ತು. ಅವಳನ್ನು ಹೇಗೆ ಬಯ್ಯಲಿ, ನಾನೂ ಅದೇ ಮನೆಯವಳು.

ಈಗ ನಿಮ್ಮ ಚರ್ಮ ಯಾವ ಬಗೆ ಅನ್ನುವ ಪ್ರಶ್ನೆ. ಮೊಬೈಲಿನಲ್ಲಿ ಹತ್ತು ಪ್ರಶ್ನೆಗೆ ಉತ್ತರ ಕೊಟ್ಟು ತಿಳಿಯುವ ಅಗತ್ಯವಿಲ್ಲ. ರಜೆಯ ದಿನ ಸೌಮ್ಯವಾದ ಫೇಸ್‌ವಾಶ್‌ನಲ್ಲಿ ಮುಖ ತೊಳೆಯಿರಿ. ಟವೆಲ್ಲಿನಲ್ಲಿ ಉಜ್ಜದೆ ಒತ್ತಿಕೊಳ್ಳಿ. ಏನೂ ಹಚ್ಚದೆ ಒಂದು ಗಂಟೆ ಫ್ಯಾನಿನಿಂದ ದೂರ ಕೂತಿರಿ. ಆಮೇಲೆ ತೆಳುವಾದ ಟಿಶ್ಯೂ ಕಾಗದವನ್ನು ಹಣೆ, ಮೂಗು, ಕೆನ್ನೆ, ಗದ್ದಕ್ಕೆ ಬೇರೆ ಬೇರೆಯಾಗಿ ಒತ್ತಿ ಬೆಳಕಿಗೆ ಹಿಡಿದು ನೋಡಿ. ಎಲ್ಲ ಕಡೆ ಎಣ್ಣೆ ಅಂಟಿದ್ದರೆ ಎಣ್ಣೆಚರ್ಮ. ಹಣೆ, ಮೂಗು, ಗದ್ದದಲ್ಲಿ ಮಾತ್ರ ಅಂಟಿ ಕೆನ್ನೆಯಲ್ಲಿ ಇಲ್ಲದಿದ್ದರೆ ಮಿಶ್ರ. ಎಲ್ಲೂ ಇಲ್ಲ, ಮೇಲೆ ಎಳೆತ ಬೇರೆ ಅಂದರೆ ಒಣಚರ್ಮ. ಎಣ್ಣೆಯೂ ಇಲ್ಲ, ಎಳೆತವೂ ಇಲ್ಲ, ಮುಖ ಇದೆ ಅನ್ನುವುದೇ ನೆನಪಾಗಲಿಲ್ಲ ಅಂದರೆ ನೀವು ಪುಣ್ಯವಂತರು, ಟೋನರ್ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಇದನ್ನು ಬೇಸಿಗೆಯಲ್ಲಿ ಒಂದು ಸಲ, ಚಳಿಗಾಲದಲ್ಲಿ ಒಂದು ಸಲ ಮಾಡಿ. ಉತ್ತರ ಬದಲಾಗುವುದು ಮಾಮೂಲು.

ಒಂದು ಗೊಂದಲ ಮಾತ್ರ ಬಿಡಿಸಬೇಕು. ಎಣ್ಣೆ ಬೇರೆ, ನೀರು ಬೇರೆ. ಮುಖ ಮೇಲೆ ಹೊಳೆಯುತ್ತಿರುತ್ತದೆ, ಒಳಗೆ ಎಳೆಯುತ್ತಿರುತ್ತದೆ. ಹೀಗೆ ಎಣ್ಣೆ ಇದ್ದೂ ನೀರಿಲ್ಲದ ಚರ್ಮ ತುಂಬ ಜನಕ್ಕೆ ಇದೆ. ಮೊಡವೆಗೆ ಅಂತ ಒಣಗಿಸುವುದನ್ನೇ ಹಚ್ಚಿ ಹಚ್ಚಿ ಆಗಿರುವುದು. ನನ್ನ 17ನೇ ವಯಸ್ಸಿನ ಮುಖ ಅಂಥದ್ದೇ.

ಎಣ್ಣೆಚರ್ಮದವರ ಹತ್ತಿರ ಸ್ವಲ್ಪ ಜಾಸ್ತಿ ಮಾತಾಡಬೇಕು, ಯಾಕೆಂದರೆ ಮೋಸ ಹೋಗುವುದೂ ಅವರೇ ಜಾಸ್ತಿ. ಮುಖದಲ್ಲಿ ಎಣ್ಣೆ ಎಷ್ಟು ಬರಬೇಕು ಅನ್ನುವುದನ್ನು ಹಾರ್ಮೋನು ಮತ್ತು ವಂಶವಾಹಿ ಮುಖ್ಯವಾಗಿ ತೀರ್ಮಾನಿಸುತ್ತವೆ. ಮೇಲೆ ಒರೆಸಿದ ಸ್ಪಿರಿಟ್ ಚರ್ಮದೊಳಗೆ ಎಣ್ಣೆ ಸುರಿಸುವ ಗ್ರಂಥಿಯನ್ನು ಮುಟ್ಟುವುದೂ ಇಲ್ಲ. ಮೇಲಿನ ಎಣ್ಣೆ ಹೋಗುತ್ತದೆ, ಕೆಲವು ಗಂಟೆಗೆ ಮತ್ತೆ ಬರುತ್ತದೆ. ನಿಮಗೆ ನಿಜಕ್ಕೂ ಉಪಯೋಗಕ್ಕೆ ಬರುವುದು ಎರಡು ವಸ್ತು. ಒಂದು ನಯಾಸಿನಮೈಡ್, ಅಂದರೆ ಬಿ3 ವಿಟಮಿನ್‌ನ ಒಂದು ರೂಪ. 2 ರಿಂದ 5 ಶೇಕಡಾ ಇದ್ದರೆ ಸಾಕು. 10 ಶೇಕಡಾ ಅಂತ ದೊಡ್ಡದಾಗಿ ಬರೆದದ್ದನ್ನು ಹಚ್ಚಿ ಕೆಂಪಾದವರನ್ನು ನೋಡಿದ್ದೇನೆ. ಇನ್ನೊಂದು ಸ್ಯಾಲಿಸಿಲಿಕ್ ಆಮ್ಲ. ಇದು ಎಣ್ಣೆಯಲ್ಲಿ ಕರಗುತ್ತದೆ, ಹಾಗಾಗಿ ಜಿಡ್ಡು ತುಂಬಿದ ರಂಧ್ರದೊಳಗೆ ಇಳಿಯಬಲ್ಲದು. ಬ್ಲ್ಯಾಕ್‌ಹೆಡ್ ಇರುವವರಿಗೆ ಇದಕ್ಕಿಂತ ಒಳ್ಳೆಯ ಟೋನರ್ ನನಗೆ ಗೊತ್ತಿಲ್ಲ. ಅರ್ಧದಿಂದ 2 ಶೇಕಡಾ ಸಾಮಾನ್ಯ ಪ್ರಮಾಣ. ವಾರಕ್ಕೆ ಎರಡು ರಾತ್ರಿಯಿಂದ ಶುರುಮಾಡಿ. ಚರ್ಮ ಸುಮ್ಮನಿದ್ದರೆ ಮೂರಕ್ಕೆ ಹೋಗಿ. ದಿನಾ ಬೇಕೇ ಬೇಕು ಅಂತೇನಿಲ್ಲ. ಮತ್ತೆ, ಎಣ್ಣೆಚರ್ಮ ಅಂತ ಮಾಯಿಶ್ಚರೈಸರ್ ಬಿಡಬೇಡಿ. ಜೆಲ್ ಥರದ್ದು ತೆಗೆದುಕೊಳ್ಳಿ.

ಮಿಶ್ರ ಚರ್ಮದವರಿಗೆ ಒಂದೇ ಮಾತು. ಇಡೀ ಮುಖಕ್ಕೆ ಒಂದೇ ನೀರು ಹಚ್ಚಬೇಕು ಅನ್ನುವ ಕಾನೂನಿಲ್ಲ. ಮೂಗು, ಹಣೆಗೆ ಸ್ಯಾಲಿಸಿಲಿಕ್, ಕೆನ್ನೆಗೆ ಗ್ಲಿಸರಿನ್ ಇರುವುದು. ಎರಡು ಬಾಟಲಿ ಬೇಡ ಅಂದರೆ ಕೆನ್ನೆಗೆ ಹೊಂದುವುದನ್ನು ತೆಗೆದುಕೊಳ್ಳಿ, ಮೂಗು ಹೇಗೋ ತಡೆದುಕೊಳ್ಳುತ್ತದೆ.

ಒಣಚರ್ಮಕ್ಕೆ ತೇವದ ಟೋನರ್ ಚೆನ್ನಾಗಿ ಒಗ್ಗುತ್ತದೆ. ಆದರೆ ಇಲ್ಲಿ ಜನ ಒಂದು ಕಡೆ ಎಡವುತ್ತಾರೆ. ಟೋನರ್ ಹಚ್ಚಿ, ಫೋನ್ ಬಂತು ಅಂತ ಹೋಗಿ, ಕಾಲು ಗಂಟೆ ಬಿಟ್ಟು ಬಂದು ಮಾಯಿಶ್ಚರೈಸರ್ ಹಚ್ಚುತ್ತಾರೆ. ಅಷ್ಟರಲ್ಲಿ ನೀರು ಆರಿಹೋಗಿರುತ್ತದೆ. ಗ್ಲಿಸರಿನ್ ನೀರನ್ನು ಹಿಡಿದುಕೊಳ್ಳುತ್ತದೆ, ಆದರೆ ಮುಚ್ಚಳ ಹಾಕುವುದಿಲ್ಲ. ಮುಚ್ಚಳ ಕ್ರೀಮಿನದು. ಮುಖ ಒದ್ದೆ ಇರುವಾಗಲೇ ಟೋನರ್, ಟೋನರ್ ಆರುವ ಮೊದಲೇ ಕ್ರೀಮ್. ಇಷ್ಟು ಬದಲಿಸಿದರೆ ಬಾಟಲಿ ಬದಲಿಸುವುದು ಬೇಕಾಗುವುದಿಲ್ಲ. ಪದೇ ಪದೇ ಮುಖಕ್ಕೆ ಬರೀ ನೀರು ಸ್ಪ್ರೇ ಮಾಡಿಕೊಳ್ಳುವುದರಿಂದಲೂ ಒಣಚರ್ಮಕ್ಕೆ ಪ್ರಯೋಜನ ಇಲ್ಲ. ಆ ಕ್ಷಣಕ್ಕೆ ಹಿತ, ಆರಿದ ಮೇಲೆ ಮತ್ತೆ ಅದೇ ಎಳೆತ.

ಸೂಕ್ಷ್ಮ ಚರ್ಮ ಅನ್ನುವುದು ಎಣ್ಣೆಯ ಲೆಕ್ಕ ಅಲ್ಲ. ಮೇಲೆ ಹೇಳಿದ ಯಾವ ಬಗೆಯ ಜೊತೆಗೂ ಅದು ಇರಬಹುದು. ಏನು ಹಚ್ಚಿದರೂ ಉರಿ, ಕೆಂಪು, ತುರಿಕೆ. ಇಸುಬು ಇರುವವರು, ಕೆನ್ನೆ ಆಗಾಗ ಕೆಂಪೇರುವ ರೊಸೇಶಿಯಾ ಇರುವವರು ಇಲ್ಲಿ ಬರುತ್ತಾರೆ. ಇವರು ಟೋನರ್ ಬಿಟ್ಟರೇ ಒಳ್ಳೆಯದು ಅಂತ ನನಗನಿಸುತ್ತದೆ. ಬೇಕೇ ಬೇಕು ಅಂದರೆ ಪಟ್ಟಿ ಚಿಕ್ಕದಿರುವ, ಪರಿಮಳ ಇಲ್ಲದ್ದನ್ನು ಹುಡುಕಿ. ಸ್ಪಿರಿಟ್, ಮೆಂಥಾಲ್, ವಿಚ್ ಹೇಜಲ್ ಅನ್ನುವ ಗಿಡದ ಸಾರ, ಸುಗಂಧ ತೈಲ ಇರುವ ಬಾಟಲಿಯನ್ನು ಅಲ್ಲೇ ಇಟ್ಟು ಬನ್ನಿ. ‘ಆದರೆ ಅದು ನ್ಯಾಚುರಲ್ ಅಲ್ವಾ?’ ಅಂತ ಮುಂದಿನ ಸಾಲಿನಿಂದ ಒಬ್ಬರು ಕೇಳಿದರು. ನ್ಯಾಚುರಲ್ ನಿಜ. ಗಿಡದ ತೈಲಗಳಲ್ಲಿ ಲಿನಲೂಲ್, ಲಿಮೊನಿನ್ ಅನ್ನುವ ಪರಿಮಳದ ವಸ್ತುಗಳಿರುತ್ತವೆ. ಗಾಳಿ ತಗುಲಿ ಹಳೆಯದಾದಷ್ಟೂ ಅವು ಅಲರ್ಜಿ ತರುವ ರೂಪಕ್ಕೆ ತಿರುಗುತ್ತವೆ. ಚರ್ಮಕ್ಕೆ ಅದು ಗಿಡದಿಂದ ಬಂತಾ ಲ್ಯಾಬಿನಿಂದ ಬಂತಾ ಅನ್ನುವ ವ್ಯತ್ಯಾಸ ಗೊತ್ತಿಲ್ಲ.

ಇನ್ನು ಆಮ್ಲದ ಟೋನರ್. ಗ್ಲೈಕಾಲಿಕ್, ಲ್ಯಾಕ್ಟಿಕ್, ಮ್ಯಾಂಡೆಲಿಕ್ ಅಂತ ಹೆಸರುಗಳು. ಗ್ಲೈಕಾಲಿಕ್‌ನ ಅಣು ಇವುಗಳಲ್ಲೆಲ್ಲ ಚಿಕ್ಕದು. ಬೇಗ ಒಳಗಿಳಿಯುತ್ತದೆ, ಬೇಗ ಕೆಣಕುತ್ತದೆ. ಮ್ಯಾಂಡೆಲಿಕ್ ಅಣು ದೊಡ್ಡದು, ನಿಧಾನ. ಹೊಸಬರಿಗೆ ಲ್ಯಾಕ್ಟಿಕ್ ಅಥವಾ ಮ್ಯಾಂಡೆಲಿಕ್ ವಾಸಿ. ರಾತ್ರಿ ಮಾತ್ರ, ವಾರಕ್ಕೆ ಒಂದೆರಡು ಸಲ. ಈ ಆಮ್ಲಗಳು ಚರ್ಮವನ್ನು ಬಿಸಿಲಿಗೆ ಮೆದು ಮಾಡುತ್ತವೆ. ನಿಲ್ಲಿಸಿದ ಮೇಲೂ ಒಂದು ವಾರ ಬಿಸಿಲಿನ ಎಚ್ಚರ ಬೇಕು. ಸನ್‌ಸ್ಕ್ರೀನ್ ಹಚ್ಚದವರು ಇದನ್ನು ಮುಟ್ಟಲೇಬೇಡಿ. ಟ್ರೆಟಿನಾಯಿನ್, ಅಡಾಪಲೀನ್, ಬೆಂಜಾಯಿಲ್ ಪೆರಾಕ್ಸೈಡ್ ಅನ್ನುವ ಮೊಡವೆ ಔಷಧಿಗಳನ್ನು ಹಚ್ಚುತ್ತಿರುವವರು ಅದೇ ರಾತ್ರಿ ಇದನ್ನೂ ಹಚ್ಚಬೇಡಿ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಮುಂದುವರಿಯಿರಿ.

ಕಂದು, ಕಪ್ಪು ಮೈಬಣ್ಣದವರಿಗೆ ಇಲ್ಲಿ ಇನ್ನೊಂದು ಮಾತು ಸೇರಿಸಬೇಕು. ನಮ್ಮ ಚರ್ಮ ಕೆಣಕಿದರೆ ಕೆಂಪಾಗಿ ಸುಮ್ಮನಾಗುವುದಿಲ್ಲ. ಕಪ್ಪು ಕಲೆ ಬಿಟ್ಟುಹೋಗುತ್ತದೆ, ಅದು ಮಾಸಲು ತಿಂಗಳುಗಟ್ಟಲೆ ಬೇಕು. ಕಲೆ ಹೋಗಲಿ ಅಂತ ಜೋರಾದ ಆಮ್ಲ ಹಚ್ಚುವುದು, ಅದರ ಉರಿಗೆ ಹೊಸ ಕಲೆ ಬರುವುದು, ಅದಕ್ಕೆ ಇನ್ನೂ ಜೋರಾದ್ದು ತರುವುದು. ಈ ಸುತ್ತಿನಲ್ಲಿ ಸಿಕ್ಕಿಕೊಂಡವರು ಎಷ್ಟೋ ಜನ. ಹಚ್ಚಿದಾಗ ಒಂದು ನಿಮಿಷ ಸಣ್ಣಗೆ ಚುರುಕು ಅನಿಸಿದರೆ ಆಮ್ಲಕ್ಕೆ ಅದು ಸಹಜ. ಅದು ಉರಿಯಾಗಿ ಐದು ನಿಮಿಷ ದಾಟಿತು ಅಂದರೆ ತೊಳೆದುಬಿಡಿ.

ಕೊಳ್ಳುವಾಗ ಬಾಟಲಿಯ ಮುಂಭಾಗ ನೋಡಬೇಡಿ, ಅದನ್ನು ಬರೆಯುವವರು ಮಾರಾಟದ ವಿಭಾಗದವರು. ಹಿಂದೆ ತಿರುಗಿಸಿ. ಪಟ್ಟಿಯಲ್ಲಿ ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಆಮೇಲೆ. ಒಂದು ಶೇಕಡಾಕ್ಕಿಂತ ಕಡಿಮೆ ಇರುವವನ್ನು ಮಾತ್ರ ಹೇಗೆ ಬೇಕಾದರೂ ಬರೆಯಬಹುದು. ಆ ಗೆರೆ ಎಲ್ಲಿದೆ ಅಂತ ಹಿಡಿಯಲು ನಾನು ಒಂದು ಉಪಾಯ ಬಳಸುತ್ತೇನೆ. ಫಿನಾಕ್ಸಿ ಎಥನಾಲ್ ಅನ್ನುವ, ನೀರು ಕೆಡದಂತೆ ಹಾಕುವ ವಸ್ತುವನ್ನು ಹುಡುಕಿ. ಅದನ್ನು ಸಾಮಾನ್ಯವಾಗಿ ಒಂದು ಶೇಕಡಾ ಮೀರಿ ಹಾಕುವುದಿಲ್ಲ. ಅದರ ಆಚೆ ಬರೆದಿರುವುದೆಲ್ಲ ಒಂದು ಶೇಕಡಾ ಒಳಗಿನದು. ಮುಂದೆ ದೊಡ್ಡ ಅಕ್ಷರದಲ್ಲಿ ನಯಾಸಿನಮೈಡ್ ಅಂತ ಬರೆದು, ಹಿಂದೆ ಅದು ಫಿನಾಕ್ಸಿ ಎಥನಾಲ್ ಆದಮೇಲೆ ಬಂದಿದ್ದರೆ, ಹೆಸರಿಗಷ್ಟೇ ಹಾಕಿದ್ದಾರೆ ಅಂತ ಅರ್ಥ. ಹೈಯಲುರಾನಿಕ್ ಆಮ್ಲಕ್ಕೆ ಮಾತ್ರ ಈ ಮಾತು ಹೊಂದುವುದಿಲ್ಲ, ಅದು ತೀರಾ ಸ್ವಲ್ಪ ಇದ್ದರೂ ಸಾಕು. ಹಾಗೇ ಆಲ್ಕೋಹಾಲ್ ಅಂತ ಕಂಡ ಕೂಡಲೇ ಬೆಚ್ಚಬೇಡಿ. ಆಲ್ಕೋಹಾಲ್ ಡಿನ್ಯಾಟ್, ಎಸ್‌ಡಿ ಆಲ್ಕೋಹಾಲ್ ಒಣಗಿಸುವಂಥವು. ಸೆಟೈಲ್, ಸೆಟೀರೈಲ್ ಆಲ್ಕೋಹಾಲ್ ಮೇಣದ ಥರದವು, ಚರ್ಮವನ್ನು ಮೆತ್ತಗೆ ಮಾಡುತ್ತವೆ.

ಹೊಸದನ್ನು ತಂದಮೇಲೆ ಕಿವಿಯ ಹಿಂದೆ ಅಥವಾ ಮೊಣಕೈಯ ಒಳಭಾಗದಲ್ಲಿ ಒಂದು ವಾರ ಹಚ್ಚಿ ನೋಡಿ. ಅಲರ್ಜಿ ಮೊದಲ ದಿನವೇ ತೋರಿಸಿಕೊಳ್ಳಬೇಕು ಅಂತಿಲ್ಲ. ಹತ್ತಿ ಬೇಕಾ ಕೈ ಬೇಕಾ ಅಂದರೆ, ತೇವದ ನೀರಿಗೆ ಕೈ ಸಾಕು. ಅಂಗೈಗೆ ಹಾಕಿ ಮುಖಕ್ಕೆ ಒತ್ತಿ. ಹತ್ತಿಗೆ ಹಾಕಿದರೆ ಅರ್ಧ ಹತ್ತಿಯೇ ಕುಡಿಯುತ್ತದೆ. ಆಮ್ಲಕ್ಕೆ ಹತ್ತಿ ಒಳ್ಳೆಯದು, ಕಣ್ಣಿನ ಸುತ್ತ, ತುಟಿಯ ಅಂಚು ಬಿಟ್ಟು ಸವರಬಹುದು. ಉಜ್ಜುವುದು ಮಾತ್ರ ಎಲ್ಲೂ ಬೇಡ.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರು ಇಲ್ಲಿಗೆ ಹೊಂದುತ್ತವೆ. ನಿಂಬೆರಸಕ್ಕೆ ನೀರು ಬೆರೆಸಿ ಮನೆಯಲ್ಲೇ ಟೋನರ್ ಮಾಡಬಹುದಾ ಅಂತ ಒಬ್ಬರು. ಬೇಡ. ನಿಂಬೆರಸದ ಪಿಎಚ್ 2ರ ಆಸುಪಾಸು. ಎಷ್ಟು ನೀರು ಬೆರೆಸಿದರೆ ಎಷ್ಟಾಯಿತು ಅಂತ ಮನೆಯಲ್ಲಿ ಅಳೆಯಲು ಆಗುವುದಿಲ್ಲ. ಮೇಲಾಗಿ ಈ ಜಾತಿಯ ಹಣ್ಣುಗಳಲ್ಲಿ ಬಿಸಿಲು ಬಿದ್ದರೆ ಚರ್ಮ ಸುಡುವ ವಸ್ತುಗಳಿವೆ. ಗುಲಾಬಿ ನೀರು ಆಗಬಹುದಾ ಅಂತ ಇನ್ನೊಬ್ಬರು. ನಿಮಗೆ ಅದರ ಪರಿಮಳ ಒಗ್ಗುತ್ತದೆ ಅಂದರೆ ಹಚ್ಚಿ, ಹಿತವಾಗಿರುತ್ತದೆ. ಅದರಿಂದ ದೊಡ್ಡದೇನೂ ಆಗುವುದಿಲ್ಲ. ಮನೆಯಲ್ಲೇ ಮಾಡಿದ್ದಾದರೆ ಕೆಡದಂತೆ ತಡೆಯುವ ವಸ್ತು ಅದರಲ್ಲಿಲ್ಲ. ಕಣ್ಣಿಗೆ ಕಾಣುವ ಮೊದಲೇ ಬ್ಯಾಕ್ಟೀರಿಯಾ ಬೆಳೆದಿರುತ್ತದೆ.

ಮೂರನೆಯದು ಕಾಲೇಜು ಹುಡುಗನೊಬ್ಬನದು. ‘ಮೇಡಂ, ಮನೆಯಲ್ಲಿ ಅದೇ ಥರ ಉರಿಯೋ ಬಾಟಲಿ ಮುಕ್ಕಾಲು ಉಳಿದಿದೆ, ಏನ್ ಮಾಡ್ಲಿ?’ ಮೊದಲು ಬಾಟಲಿಯ ಹಿಂದೆ ಮುಚ್ಚಳ ತೆರೆದ ಡಬ್ಬಿಯ ಚಿತ್ರ ನೋಡು ಅಂದೆ. ಅದರಲ್ಲಿ 12 ಎಂ ಅಂತಿದ್ದರೆ ತೆರೆದ ಮೇಲೆ 12 ತಿಂಗಳು ಅಂತ ಅರ್ಥ. ತಿಂಗಳು ಉಳಿದಿದ್ದರೂ ಮುಖಕ್ಕೆ ಬೇಡ. ನನ್ನ ನೀಲಿ ಬಾಟಲಿಯಲ್ಲಿ ಉಳಿದದ್ದನ್ನು ಅಮ್ಮ ಕನ್ನಡಿ ಒರೆಸಲು ತೆಗೆದುಕೊಂಡರು. ಕನ್ನಡಿ ಚೆನ್ನಾಗಿ ಹೊಳೆಯಿತು.